ಭಾಜಕ

ಮೂವತ್ತಾರು ವರ್ಷ ಉಡುಪಿಯ ಬೀದಿ ಅಳೆದಿದ್ದೇನೆ
ಕಂಕುಳಲ್ಲಿ ರೆಕ್ಸಿನ್ ಚೀಲ, ಕಿವಿಯ ಮೇಲೆ ಪೆನ್ಸಿಲ್ಲು.
ಕಲ್ಸಂಕದ ಹೂವಿನಂಗಡಿ, ಚಿಟ್ಪಾಡಿಯ ಸೈಕಲ್ ಶಾಪು,
ಮೀನು ಮಾರುಕಟ್ಟೆಯಲ್ಲಿ ಒದ್ದೆ ಹತ್ತರ ನೋಟು.
ಪಿಗ್ಮಿ ಕಲೆಕ್ಟರ್ ನಾನು.
ದಿನಕ್ಕಿಷ್ಟು ಹಾಕಿ, ಹೋದದ್ದೇ ಗೊತ್ತಾಗುವುದಿಲ್ಲ,
ಮಗಳ ಮದುವೆಗಾಯಿತು, ಮಾಡಿನ ಹಂಚಿಗಾಯಿತು
ಎಂದು ಎಷ್ಟು ಜಗಲಿಗಳಲ್ಲಿ ಹೇಳಿದೆನೋ.
ಹಾಸಿಗೆ ಹಿಡಿದ ಮೇಲಿನ ಕಾಲಕ್ಕಾಯಿತು ಅಂತ
ಒಮ್ಮೆಯೂ ಹೇಳಲಿಲ್ಲ.
ಅದು ಗಿರಾಕಿ ಓಡಿಸುವ ಮಾತು.

ಈಗ ಅಲೆವೂರು ದಾರಿಯ ಆರೈಕೆ ಕೇಂದ್ರದಲ್ಲಿ
ಮೇಜಿನ ಈಚೆ ಕಡೆ ನಾನು.
ಆಚೆ ಪ್ರೆಸಿಲ್ಲಾ ಬಾಯಿ, ದಾರ ಕಟ್ಟಿದ ಕನ್ನಡಕ:
"ತಿಂಗಳಿಗೆ ಇಪ್ಪತ್ತೆರಡು ಸಾವಿರ. ಡೈಪರ್ ಬೇರೆ, ಫಿಸಿಯೋ ಬೇರೆ.
ಮೂಗಿನ ನಳಿಗೆ ಬಂದರೆ ಆಗ ಮತ್ತೆ ಮಾತಾಡುವ."
ಕೆಟ್ಟವರಲ್ಲ ಬಾಯಿ. ಚಾ ತರಿಸಿದರು.
ವಿಮೆಯ ಕಾರ್ಡು ತಿರುಗಿಸಿ ನೋಡಿ
ಮೆಲ್ಲಗೆ ಹಿಂದೆ ಕೊಟ್ಟರು:
"ಇದು ಗುಣವಾಗುವವರಿಗೆ."

ವಾರಿಜಕ್ಕನಿಗೆ ಎಪ್ಪತ್ತೊಂದು.
ಹನ್ನೊಂದಕ್ಕೆ ಮಡಿಲೇರಿದ ಬೀಡಿಯ ತಡ್ಪೆ
ಮೊನ್ನೆ ಆಟಿಯವರೆಗೆ ಇಳಿದಿರಲಿಲ್ಲ.
ನನ್ನ ಎಸ್ಸೆಸ್ಸೆಲ್ಸಿ ಫೀಸು, ನನ್ನ ಮೊದಲ ಪ್ಯಾಂಟು,
ಬ್ಯಾಂಕಿಗೆ ಕಟ್ಟಿದ ಜಾಮೀನು
ಎಲ್ಲ ಆ ಎಲೆಗಳ ಸುರುಳಿಯಿಂದ ಬಂದದ್ದು.
ನನ್ನ ಪುಸ್ತಕದ ಒಂದನೇ ನಂಬರು ಅವಳದೇ, ದಿನಕ್ಕೆ ಒಂದು ರೂಪಾಯಿ.
ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು:
"ಏತ್ ಆಂಡ್?" ಎಷ್ಟಾಯಿತು?
ಬೇಕೆಂದೇ ತಪ್ಪು ಹೇಳುತ್ತಿದ್ದೆ.
ತಲೆಯಾಡಿಸಿ ತಿದ್ದುತ್ತಿದ್ದಳು, ಎಲೆ ಕತ್ತರಿಸುತ್ತಲೇ.

ಒಂದು ಬೆಳಿಗ್ಗೆ ಬಲಗೈ ಹೋಯಿತು, ಮಾತೂ ಹೋಯಿತು.
ಉಳಿದದ್ದು ಒಂದೇ ಶಬ್ದ: ಏತ್.
ಗಂಜಿಗೂ ಏತ್, ನೋವಿಗೂ ಏತ್,
ನನ್ನ ಹೆಂಡತಿ ಶಶಿಕಲಾಳ ಹೆಸರೂ ಏತ್.
ಐದು ತಿಂಗಳು ಎತ್ತಿ, ಒರೆಸಿ, ಮಗುಚಿ
ಶಶಿಕಲಾಳ ಡಿಸ್ಕು ಜಾರಿತು.
ಬೇರೆ ಯಾರಿದ್ದಾರೆ ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ.
ಇದ್ದವರು ಮೂವರೇ.

ರಾತ್ರಿ ಹಳೆ ಪಿಗ್ಮಿ ಕಾರ್ಡಿನ ಹಿಂಬದಿಯಲ್ಲಿ ಬರೆಯುತ್ತೇನೆ.
ಉಪ್ಪೂರಿನ ಐದು ಸೆಂಟ್ಸು ಮಾರಿದರೆ ಹದಿನಾಲ್ಕು ಲಕ್ಷ
(ಜಂಟಿ ಹೆಸರು, ಅವಳ ಹೆಬ್ಬೆಟ್ಟೂ ಬೇಕು. ಎಡಗೈಯದು ನಡೆಯುತ್ತದಂತೆ).
ಠೇವಣಿ ನಾಲ್ಕು.
ಬೀಡಿಯ ಪಿಂಚಣಿ ಸಾವಿರದಿನ್ನೂರ ನಲವತ್ತು.
ನಗಬಾರದು, ಅದೂ ಬರಲಿ.
ಬಡ್ಡಿ ಏರಿದಷ್ಟೇ ಫೀಸೂ ಏರುವುದರಿಂದ
ಎರಡನ್ನೂ ಹೊಡೆದು ಹಾಕಿದೆ.
ಹದಿನೆಂಟು ಲಕ್ಷ ಮೇಲೆ. ಒಂದು ಗೆರೆ.
ಗೆರೆಯ ಕೆಳಗೆ ಅಕ್ಕನ ಆಯಸ್ಸು ಬರೆಯಬೇಕು.

ನಾಲ್ಕು ಬರೆದರೆ
ಕಿಟಕಿಯಿರುವ ಒಂಟಿ ಕೋಣೆ, ಎರಡು ಹೊತ್ತು ಫಿಸಿಯೋ.
ಹತ್ತು ಬರೆದರೆ
ಪ್ರೆಸಿಲ್ಲಾ ಬಾಯಿಯ ಬಾಗಿಲಿಗೂ ಸಾಲದು.
ನಮ್ಮ ಅಮ್ಮ ತೊಂಬತ್ತಮೂರು ದಾಟಿದವಳು,
ಆ ಲೆಕ್ಕದಲ್ಲಿ ಇಪ್ಪತ್ತೆರಡು.
ನೂರು ಕಾಲ ಬಾಳು ಎಂದು ಹರಸಿದವರು ಯಾರೂ
ತಿಂಗಳ ಫೀಸು ವಿಚಾರಿಸಿರಲಿಲ್ಲ.

ಆರು ಬರೆದೆ. ಸರಿಯಾಗಿ ಕೂತಿತು.
ಶೇಷ ಸೊನ್ನೆ.
ಸೊನ್ನೆ ಕಂಡ ಕ್ಷಣ ಒಳಗೆ ಹಗುರಾಯಿತಲ್ಲ,
ಜಮಾಖರ್ಚು ತಾಳೆಯಾದ ಸಂಜೆಯ ಅದೇ ಹಗುರ.
ಅದನ್ನು ಯಾವ ಕಡೆಗೆ ಬರೆಯಲಿ,
ಜಮೆಗೋ, ಖರ್ಚಿಗೋ?

ಬೆಳಿಗ್ಗೆ ಅಕ್ಕ ಎಡಗೈ ಚಾಚಿದಳು.
ಮುಷ್ಟಿಯಲ್ಲಿ ಮಾತ್ರೆಯ ಬೆಳ್ಳಿ ಹಾಳೆ,
ಉಗುರಲ್ಲಿ ತೀಡಿ ನಾಣ್ಯದಷ್ಟು ನಯ ಮಾಡಿದ್ದು.
ತಗೊಂಡೆ. ಕಾರ್ಡು ಮಗುಚಿ ತಾರೀಕು ಹಾಕಿ
ಒಂದು ರೂಪಾಯಿ ಬರೆದೆ.
"ಏತ್?" ಅಂದಳು.
"ಆರು" ಅಂದೆ. ಯಾಕೆ ಅಂದೆನೋ.
ಅಕ್ಕ ತಲೆಯಾಡಿಸಿದಳು,
ತಪ್ಪು ಲೆಕ್ಕಕ್ಕೆ ಆಡಿಸುತ್ತಿದ್ದ ಹಾಗೆಯೇ.
ಕಡಿಮೆ ಹೇಳಿದೆನೋ ಹೆಚ್ಚು ಹೇಳಿದೆನೋ
ಕೇಳುವ ಧೈರ್ಯ ಬರಲಿಲ್ಲ.

ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿ
ಅಲೆವೂರಿನ ಬಸ್ಸು ಹಿಡಿದೆ.
ಮೊದಲ ತಿಂಗಳದ್ದು ಕಟ್ಟಿ
ರಶೀದಿ ಕೇಳಿ ತಗೊಂಡೆ.